ಎರಡು ಸೊಂಟ, ಒಂದು ಕಿಟಕಿ

ಸೊಂಟ ಹಿಡಿದುಕೊಳ್ಳುವುದಕ್ಕೂ ಒಂದು ಹೊತ್ತುಗೊತ್ತು ಬೇಡವೇ? ಯಾಗೊದಾಳ ತಕರಾರು ಇಷ್ಟೇ. ಚಳಿಗಾಲದಲ್ಲಿ ಹಿಡಿದುಕೊಳ್ಳಬಹುದಿತ್ತು, ಆಗ ಮನೆಯ ಕಿಟಕಿಗಳೆಲ್ಲ ಭದ್ರವಾಗಿ ಮುಚ್ಚಿರುತ್ತವೆ, ಯಾರೂ ಯಾರನ್ನೂ ದೂರುವಂತಿಲ್ಲ. ಹೋಗಲಿ, ಮುಂದಿನ ವಾರವಾದರೂ ಹಿಡಿದುಕೊಳ್ಳಬಹುದಿತ್ತು. ಅದೆಲ್ಲ ಬಿಟ್ಟು, ನಿಶ್ ಊರಿನ ಡಾಂಬರು ರಸ್ತೆ ಹಲ್ವದ ಹದಕ್ಕೆ ಬರುವ ಜುಲೈ ತಿಂಗಳಲ್ಲಿ, ಅದೂ ಕಿಟಕಿಯ ಪರೀಕ್ಷಾ ವಾರ ನಡೆಯುತ್ತಿರುವಾಗಲೇ ಹಿಡಿದುಕೊಂಡಿತು. ಸೊಂಟವೂ ಅತ್ತೆಯ ಪಕ್ಷ ಸೇರಿಬಿಟ್ಟಿತೇ ಎಂದು ಅವಳಿಗೆ ಅನುಮಾನ.

ಅತ್ತೆ ದೆಸಾಂಕಾಗೆ ಈ ಲೋಕದಲ್ಲಿ ಶತ್ರು ಅಂತ ಇದ್ದದ್ದು ಒಂದೇ. ಅದರ ಹೆಸರು ಪ್ರೊಮಾಯಾ. ಎದುರುಬದುರು ಎರಡು ಕಿಂಡಿ ತೆರೆದಿಟ್ಟರೆ ನಡುವೆ ನುಸುಳಿ ಹೋಗುತ್ತದಲ್ಲ, ಆ ಗಾಳಿ. (ನೀವು ನಾವು ಅದಕ್ಕೆ ‘ಅಬ್ಬಾ, ತಂಪಾಯಿತು’ ಎನ್ನುತ್ತೇವೆ.) ಕಿವಿನೋವು, ಹಲ್ಲುನೋವು, ಕುತ್ತಿಗೆ ಉಳುಕು, ಸೊಟ್ಟ ಬಾಯಿ, ಉಬ್ಬದ ರೊಟ್ಟಿ, ಎಲ್ಲಕ್ಕೂ ಅದೇ ಮೂಲ. ಅದರ ಪರಮಪ್ರಿಯ ಆಹಾರ ಮಾತ್ರ ಮನುಷ್ಯರ ಸೊಂಟ. ಹೀಗಾಗಿ ಮೂರನೇ ಮಹಡಿಯ ಆ ಮನೆಯಲ್ಲಿ ಬೇಸಿಗೆಯೆಂದರೆ ನಾಲ್ಕು ಜೀವಗಳು ಹಬೆಯಲ್ಲಿ ಬೇಯುವ ಕಾಲ.

ಈ ವರ್ಷ ಯಾಗೊದಾ ದಂಗೆ ಎದ್ದಳು. ಮಗಳು ದುನ್ಯಾಳ ಕುತ್ತಿಗೆ ತುಂಬ ಬೆವರುಸಾಲೆ. ರಾತ್ರಿಯಿಡೀ ಕೂಸು ಕೆರೆದುಕೊಂಡು ಅಳುತ್ತಿತ್ತು.

“ಅತ್ತೆ, ಮಗು ಬೇಯ್ತಾ ಇದೆ. ಕಿಟಕಿ ತೆಗೀಲೇಬೇಕು.”

“ಬೆವರುಸಾಲೆಗೆ ಪುಡಿ ಇದೆ ಕಣೇ. ಪ್ರೊಮಾಯಾ ಬಡಿದರೆ ಯಾವ ಪುಡಿ ಹಾಕ್ತೀಯ?”

“ಇಡೀ ಜರ್ಮನಿಯವರು ಕಿಟಕಿ ತೆಗೆದಿಟ್ಕೊಂಡೇ ಮಲಗ್ತಾರೆ!”

“ಅದಕ್ಕೇ ಅವರ ಮುಖ ಹಾಗಿರೋದು.”

ಇಬ್ಬರ ನಡುವೆ ಸಿಕ್ಕಿಬಿದ್ದ ಯಾಗೊದಾಳ ಗಂಡ ವೆಲ್ಕೊ ಸಿಟಿ ಬಸ್ಸಿನ ಚಾಲಕ. ಹಿಂದಿನ ಸೀಟಿನ ಜಗಳವನ್ನು ಕನ್ನಡಿಯಲ್ಲಿ ನೋಡಿಯೂ ನೋಡದಂತಿರುವ ವಿದ್ಯೆ ಅವನಿಗೆ ಸಿದ್ಧಿಸಿತ್ತು. ಆದರೆ ಅವತ್ತು ಇಬ್ಬರೂ ಅವನ ಕಲ್ಲಂಗಡಿ ತಟ್ಟೆಯನ್ನೇ ಕಿತ್ತುಕೊಂಡರು. ತೀರ್ಪು ಕೊಡದೆ ಗತ್ಯಂತರವಿರಲಿಲ್ಲ.

“ಒಂದು ವಾರ ಕಿಟಕಿ ತೆಗೆದಿರ್ಲಿ. ಮನೇಲಿ ಯಾರಿಗೂ ಏನೂ ಆಗ್ಲಿಲ್ಲ ಅಂದ್ರೆ ಬೇಸಿಗೆ ಮುಗಿಯೋವರೆಗೂ ತೆಗೆದೇ ಇರ್ಲಿ. ಯಾರಿಗಾದ್ರೂ ಒಂದು ಸೀನು ಬಂತೋ, ಮುಚ್ಚಿಬಿಡೋದು. ಇನ್ನು ಕಲ್ಲಂಗಡಿ ಕೊಡಿ.”

ಹೇಳುವುದು ಸುಲಭ. ಆ ಕಿಟಕಿಯೋ ವೆಲ್ಕೊನ ಅಜ್ಜನ ಕಾಲದ್ದು. ವರ್ಷವರ್ಷವೂ ಬಣ್ಣದ ಮೇಲೆ ಬಣ್ಣ ಬಳಿಸಿಕೊಂಡು ಊದಿಕೊಂಡ ಮರ. ಕೆಳಗೆ ಅಡ್ಡಲಾಗಿ ಕದಲಿಸಲಾಗದ ಸೋಫಾ ಬೇರೆ. ಸೋಫಾದ ಮೇಲೆ ಒಂದು ಮಂಡಿ ಊರಿ, ಮೈಯನ್ನು ಹಗ್ಗದಂತೆ ಹೊಸೆದು, ಉಸಿರು ಬಿಗಿಹಿಡಿದು ಜಗ್ಗಬೇಕು. ಸೋಮವಾರ ಯಾಗೊದಾ ಜಗ್ಗಿದಳು, ತೆರೆಯಿತು. ಗಾಳಿ ಬಂತು. ದುನ್ಯಾ ಆ ರಾತ್ರಿ ಒಮ್ಮೆಯೂ ಅಳದೆ ಮಲಗಿತು. ಮಂಗಳವಾರ ಬೆಳಿಗ್ಗೆ ಎದ್ದು ನೋಡಿದರೆ ಕಿಟಕಿ ಮುಚ್ಚಿದೆ! ಗಾಳಿಗೆ ಬಡಿದುಕೊಂಡಿರಬೇಕು ಎಂದುಕೊಂಡು (ಎಂಥ ನಿರ್ಮಲ ಮನಸ್ಸು ನೋಡಿ) ಮತ್ತೆ ಮಂಡಿ ಊರಿ, ಮತ್ತೆ ಹೊಸೆದು, ಜಗ್ಗಿದಳು.

ಕಿಟಕಿ ತೆರೆಯಿತು. ಸೊಂಟದಲ್ಲಿ ಏನೋ ಮುಚ್ಚಿಕೊಂಡಿತು.

ಆ ಚಳುಕನ್ನು ವರ್ಣಿಸುವುದು ಬೇಡ. ಬಂದವರಿಗೆ ಗೊತ್ತು, ಬರದವರು ನಂಬುವುದಿಲ್ಲ. ಅವಳು ಹಲ್ಲು ಕಚ್ಚಿ ಸೋಫಾದ ಮೇಲೆ ಕಪ್ಪೆಯಂತೆ ಉಳಿದುಬಿಟ್ಟಳು. ಅಷ್ಟರಲ್ಲೇ ಅತ್ತೆಯ ಸವಾರಿ ಬಂತು.

“ಏನೇ ಅದು, ಹಾಗೆ ಕೂತಿದೀಯ?”

“ವ್ಯಾಯಾಮ ಅತ್ತೆ. ಹೊಸದು.”

ಅಂದಿನಿಂದ ಆ ಮನೆಯಲ್ಲಿ ನಡೆದದ್ದು ನಾಟಕ. ಬಗ್ಗಿ ಮಗುವನ್ನು ಎತ್ತಿಕೊಳ್ಳಲಾಗದೆ ಯಾಗೊದಾ ತಾನೇ ನೆಲದ ಮೇಲೆ ಉದ್ದಕ್ಕೆ ಮಲಗಿ, ದುನ್ಯಾಳನ್ನು ಹೊಟ್ಟೆಯ ಮೇಲೆ ಹತ್ತಿಸಿಕೊಂಡು ಆಡಿಸಿದಳು. ಬಿದ್ದ ಆಟಿಕೆಗಳನ್ನು ಕಾಲ್ಬೆರಳಲ್ಲಿ ಎತ್ತಿದಳು. ಸೀನು ಬಂದಾಗ ದಿಂಬು ಕಚ್ಚಿದಳು. ಸಂಜೆಗೆ ಕಿಟಕಿ ಮತ್ತೆ ಮುಚ್ಚಿಕೊಂಡಿದ್ದನ್ನು ಕಂಡರೂ ಅದರ ಹತ್ತಿರ ಸುಳಿಯುವ ಧೈರ್ಯವಾಗಲಿಲ್ಲ. ಆ ರಾತ್ರಿ ದುನ್ಯಾ ಮತ್ತೆ ಅತ್ತಿತು. ಯಾಗೊದಾ ತನ್ನ ನಟನೆಯಲ್ಲಿ ಎಷ್ಟು ಮುಳುಗಿದ್ದಳೆಂದರೆ, ‘ನಿಂತು ಕಾಫಿ ಕುಡಿಯೋದು ಕುದುರೆಗಳು’ ಎನ್ನುತ್ತಿದ್ದ ಅತ್ತೆ ಬುಧವಾರ ಬೆಳಿಗ್ಗೆ ಗೋಡೆಗೊರಗಿ ನಿಂತೇ ಕಾಫಿ ಕುಡಿದದ್ದು ಅವಳ ಕಣ್ಣಿಗೆ ಬೀಳಲೇ ಇಲ್ಲ.

ಕಾಫಿ ಮುಗಿಸಿ ದೆಸಾಂಕಾ ಗೆಳತಿಯ ಮನೆಗೆಂದು ಹೊರಟರು. ಅವರ ಹಿಂದೆಯೇ ಯಾಗೊದಾ “ಪೀಚ್ ಹಣ್ಣು ತರ್ತೀನಿ, ಮಗು ನೋಡ್ಕೊ” ಎಂದು ವೆಲ್ಕೊಗೆ ಹೇಳಿ, ಮೆಟ್ಟಿಲುಗಳನ್ನು ಏಡಿಯಂತೆ ಅಡ್ಡಡ್ಡ ಇಳಿದು, ನೇರ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋದಳು.

ಕಾಯುವ ಕೋಣೆಯಲ್ಲಿ ಬಾಗಿಲ ಪಕ್ಕ ಕೋಲು ನೆಟ್ಟಂತೆ ನಿಂತಿದ್ದವರು ಯಾರು? ದೆಸಾಂಕಾ!

“ಅತ್ತೆ? ನೀವಿಲ್ಲಿ?”

“ಬಿಪಿ ಮಾತ್ರೆ ಮುಗಿದಿತ್ತು. ನೀನು?”

“ದುನ್ಯಾಗೆ ಲಸಿಕೆ.”

“ದುನ್ಯಾ ಎಲ್ಲಿ?”

ಇದನ್ನು ಯಾಗೊದಾ ಯೋಚಿಸಿರಲಿಲ್ಲ. “ವಿಚಾರಿಸ್ಕೊಂಡು ಹೋಗೋಣ ಅಂತ. ನೀವು ಕೂತ್ಕೊಳ್ಳಿ ಅತ್ತೆ, ಕುರ್ಚಿ ಖಾಲಿ ಇದೆ.”

“ನೀನು ಕೂತ್ಕೊ ಮಗಳೇ. ದಣಿದಿದೀಯ.”

“ಛೆ, ಹಿರಿಯರು ನಿಂತಿರುವಾಗ!”

“ಹಾಲೂಡಿಸೋ ತಾಯಿ ನೀನು!”

ಇಂಥ ಸೌಜನ್ಯ ಅತ್ತೆ ಸೊಸೆಯರ ಚರಿತ್ರೆಯಲ್ಲೇ ಕಂಡಿದ್ದಿಲ್ಲ. ಕೂತರೆ ಏಳಲಾಗದು ಎಂಬುದು ಇಬ್ಬರಿಗೂ ಗೊತ್ತಿತ್ತು, ಅವರವರ ಮಟ್ಟಿಗೆ. ಖಾಲಿ ಕುರ್ಚಿಯ ಎರಡೂ ಬದಿಯಲ್ಲಿ ಅರಮನೆಯ ಕಾವಲಿನವರಂತೆ ಇಬ್ಬರೂ ನಿಂತರು. ಆಗ ದೆಸಾಂಕಾರ ಕೈಯಿಂದ ಆರೋಗ್ಯ ಕಾರ್ಡು ಜಾರಿ ನೆಲಕ್ಕೆ ಬಿತ್ತು.

ಇಬ್ಬರೂ ಕಾರ್ಡನ್ನು ನೋಡಿದರು. ಕಾರ್ಡು ಇಬ್ಬರನ್ನೂ ನೋಡಿತು.

“ಬಿದ್ದಿದೆ,” ಎಂದಳು ಯಾಗೊದಾ.

“ಹೌದು, ಬಿದ್ದಿದೆ,” ಎಂದರು ದೆಸಾಂಕಾ.

ಎದುರಿಗೆ ಎರಡೂ ಕೈಗೆ ಪಟ್ಟಿ ಸುತ್ತಿಸಿಕೊಂಡು ಕೂತಿದ್ದ ಮುದುಕನಿಗೆ ತಡೆಯಲಾಗಲಿಲ್ಲ. “ಯಾರಾದ್ರೂ ಎತ್ಕೊಳ್ಳಬಾರದಾ ತಾಯಿ?”

“ಇರ್ಲಿ ಬಿಡಿ, ಅಲ್ಲೇ ತಂಪಾಗಿದೆ,” ಎಂದರು ದೆಸಾಂಕಾ.

ಒಳಗಿಂದ ನರ್ಸು ಕೂಗಿದಳು: “ದೆಸಾಂಕಾ! ಕಾರ್ಡು ತಗೊಂಡು ಬನ್ನಿ!”

ಇನ್ನು ವಿಧಿಯಿಲ್ಲ. ಸೊಸೆ ಎನ್ನಿಸಿಕೊಂಡ ಮೇಲೆ ಯಾಗೊದಾ ಬಗ್ಗಿದಳು. ಅರ್ಧ ದಾರಿಯಲ್ಲಿ ನಿಂತಳು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. “ಅಯ್ಯೋ ಏನಾಯ್ತೇ!” ಎಂದು ಎತ್ತಲು ಹೋದ ದೆಸಾಂಕಾ ಅವಳ ಮೇಲೆಯೇ ಬಾಗಿ, “ಅಮ್ಮಾ!” ಎಂದು ಅಲ್ಲಿಯೇ ಸ್ಥಾವರವಾದರು. ನರ್ಸು ಬಂದು ನೋಡಿದಾಗ ಅತ್ತೆ ಸೊಸೆ ಒಂದಕ್ಕೊಂದು ಸಿಕ್ಕಿಕೊಂಡ ಎರಡು ಕೊಡೆಗಳಂತಿದ್ದರು. ಬಿಡಿಸಲು ಪುರುಸೊತ್ತಿಲ್ಲದೆ ಅವಳು ಇಬ್ಬರನ್ನೂ ಹಾಗೆಯೇ ಒಳಗೆ ತಳ್ಳಿದಳು.

“ಅಂದ್ರೆ ನಿನಗೂ ಸೊಂಟ!” ಎಂದರು ದೆಸಾಂಕಾ, ನೋವಿನಲ್ಲೂ ಹಿಗ್ಗುತ್ತ. “ನಾನು ಹೇಳ್ಲಿಲ್ವಾ? ಪ್ರೊಮಾಯಾ!”

“ನಿಮ್ಮ ಕೋಣೆ ಕಿಟಕಿ ಮುಚ್ಚೇ ಇತ್ತಲ್ಲ! ನಿಮಗ್ಯಾಕೆ ಹಿಡೀತು?”

“ನಿನ್ನ ಕಿಟಕಿಯಿಂದ ಹೊರಟು ನನ್ನ ಬಾಗಿಲ ಸಂದೀಲಿ ಬಂತು!”

ಡಾಕ್ಟರ್ ತಿಯಾನಾ ಕನ್ನಡಕ ಸರಿಮಾಡಿಕೊಂಡರು. ವಯಸ್ಸು ಚಿಕ್ಕದು, ತಾಳ್ಮೆ ದೊಡ್ಡದು. ಒಬ್ಬೊಬ್ಬರನ್ನೇ ಮಲಗಿಸಿ, ಕಾಲು ಎತ್ತಿಸಿ, ಬೆನ್ನು ಒತ್ತಿ ಕೇಳುತ್ತ ಹೋದರು. ನೋವು ಕಾಲಿಗೆ ಇಳಿಯುತ್ತಾ? ಜೋಮು ಹಿಡಿಯುತ್ತಾ? ಮೂತ್ರಕ್ಕೆ ತೊಂದರೆ? ಜ್ವರ? ಬಿದ್ದಿದ್ರಾ? ತೂಕ ಇಳಿದಿದ್ಯಾ?

“ತೂಕಾನಾ? ಇಳಿದಿದ್ರೆ ನಾನೇ ಹಬ್ಬ ಮಾಡ್ತಿದ್ದೆ,” ಎಂದರು ದೆಸಾಂಕಾ.

“ಹೆದರೋ ಅಂಥದ್ದು ಏನೂ ಇಲ್ಲ. ಇಬ್ರಿಗೂ ಸ್ನಾಯು ಉಳುಕಿದೆ, ಅಷ್ಟೆ.”

“ಎಕ್ಸ್‌ರೇ?”

“ಬೇಡ.”

“ನಮ್ಮ ಮೇಲ್ಮನೆಯವಳಿಗೆ ತೆಗೆದ್ರು!” ದೆಸಾಂಕಾರ ದನಿಯಲ್ಲಿ ಅಪಮಾನವಿತ್ತು. “ಹೋಗ್ಲಿ, ಮಂಚ ಹಿಡಿದು ಎಷ್ಟು ದಿನ ಮಲಗ್ಬೇಕು?”

“ಮಲಗಲೇಬೇಡಿ. ನಡೀರಿ. ಮನೇಲೇ ಆಗ್ಲಿ, ಆಗಾಗ ಎದ್ದು ಓಡಾಡ್ತಾ ಇರಿ. ಸೊಂಟ ಬೆಚ್ಚಗಿಟ್ಕೊಳ್ಳಿ. ತುಂಬ ನೋವಿದ್ರೆ ಮಾತ್ರೆ ಬರ್ಕೊಡ್ತೀನಿ. ಕೆಲವು ವಾರದಲ್ಲಿ ತಾನೇ ಹೋಗುತ್ತೆ. ಕಾಲು ಮರಗಟ್ಟಿದ್ರೆ ಮಾತ್ರ ತಕ್ಷಣ ಬನ್ನಿ.”

ಯಾಗೊದಾ ಕಾಯುತ್ತಿದ್ದ ಗಳಿಗೆ ಇದು. ಮಗಳ ಇಡೀ ಬೇಸಿಗೆಯ ನಿದ್ದೆ ಈ ಒಂದು ಪ್ರಶ್ನೆಯ ಮೇಲೆ ನಿಂತಿತ್ತು. “ಡಾಕ್ಟ್ರೇ, ಗಟ್ಟಿಯಾಗಿ ಹೇಳಿ. ಇದು ಗಾಳಿಯಿಂದ ಬಂದದ್ದಾ?”

“ಖಂಡಿತ ಅಲ್ಲ. ಗಾಳಿಗೂ ಇದಕ್ಕೂ ಸಂಬಂಧವಿಲ್ಲ.”

ವಿಜಯದುಂದುಭಿ! ಯಾಗೊದಾ ಕೈ ಮೇಲೆತ್ತಿ ಕುಣಿಯುತ್ತಿದ್ದಳೇನೋ, ಸೊಂಟ ಒಪ್ಪಲಿಲ್ಲ. ದೆಸಾಂಕಾ ಡಾಕ್ಟರರ ಪದವಿಪತ್ರವನ್ನೇ ಅನುಮಾನಿಸುವ ಮುಖ ಮಾಡಿದರು.

“ಏನಾದ್ರೂ ಭಾರ ಎತ್ತಿದ್ರಾ? ಮೈ ತಿರುಚಿ ಏನಾದ್ರೂ ಜಗ್ಗಿದ್ರಾ?” ಎಂದು ಬರೆಯುತ್ತಲೇ ಕೇಳಿದರು ತಿಯಾನಾ.

ಯಾಗೊದಾ ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು. “ಕಿಟಕಿ,” ಎಂದಳು, ಇಲಿಮರಿಯ ದನಿಯಲ್ಲಿ.

“ನೀವಮ್ಮಾ?”

ದೆಸಾಂಕಾ ಚಾವಣಿ ನೋಡಿದರು. “ಅದೇ ಕಿಟಕಿ. ಇವಳು ತೆಗೆದಾಗಲೆಲ್ಲ ಕದ್ದು ಮುಚ್ತಿದ್ದೆ.”

“ನೀವಾ ಮುಚ್ತಿದ್ದಿದ್ದು! ನಾನು ಗಾಳಿ ಅಂದ್ಕೊಂಡಿದ್ದೆ!”

“ಹಾಗಾದ್ರೆ ಇಬ್ರ ನೋವಿಗೂ ಕಾರಣ ಆ ಕಿಟಕೀನೇ,” ಎಂದು ನಕ್ಕರು ಡಾಕ್ಟರ್.

ನಗಬಾರದಿತ್ತು. ಹೇಳಲೂಬಾರದಿತ್ತು. ದೆಸಾಂಕಾ ನಿಧಾನವಾಗಿ, ನೋವಿಗೆ ಒಂದಿಷ್ಟೂ ಜಗ್ಗದೆ, ಸೊಸೆಯ ಕಡೆ ತಿರುಗಿದರು. “ಕೇಳಿಸ್ತಾ? ಕಿಟಕಿಯಿಂದಾನೇ ಸೊಂಟ ಹೋಗೋದು ಅಂತ ನೀನು ಮದುವೆಯಾಗಿ ಬಂದ ದಿನದಿಂದ ಹೇಳ್ತಿದೀನಿ. ಈಗ ಡಾಕ್ಟ್ರೇ ಹೇಳಿದ್ರು.”

“ಗುಣ ಆಗೋವರೆಗೂ ಇಬ್ರೂ ಅದನ್ನ ಮುಟ್ಟಬೇಡಿ,” ಎಂದು ಡಾಕ್ಟರ್ ಕೊನೆಯ ಮೊಳೆಯನ್ನೂ ಹೊಡೆದರು.

ದಾರಿಯುದ್ದಕ್ಕೂ ಯಾಗೊದಾಗೆ ಒಂದೇ ಆಸೆ ಉಳಿದಿತ್ತು. ತಾನು ಮುಟ್ಟುವಂತಿಲ್ಲ, ಅತ್ತೆಯೂ ಮುಟ್ಟುವಂತಿಲ್ಲ. ವೆಲ್ಕೊ ಇದ್ದಾನಲ್ಲ! ಎತ್ತಿನಂಥ ಆಳು. ಒಮ್ಮೆ ತೆರೆದರೆ ಸಾಕು, ಇನ್ನು ಮುಚ್ಚುವವರು ಯಾರು?

ಮನೆಗೆ ಬಂದು ನೋಡಿದರೆ ಅವನು ಬೆವರಿನಲ್ಲಿ ತೊಯ್ದು, ದುನ್ಯಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹಾಡುತ್ತಿದ್ದ. ಬೆಳಿಗ್ಗೆಯಿಂದ ಉಣಿಸಿದ್ದು, ಎತ್ತಿದ್ದು, ತೊಳೆದದ್ದು ಎಲ್ಲ ಅವನೇ. ಕಥೆಯೆಲ್ಲ ಕೇಳಿ, ನಕ್ಕು ನಕ್ಕು ಕಣ್ಣೊರೆಸಿಕೊಂಡು, ಮಗುವನ್ನು ಕೆಳಗಿಳಿಸಿದ.

“ಇಷ್ಟಕ್ಕೇನಾ? ನಾನು ತೆಗೀತೀನಿ ತಾಳಿ.” ಎಂದವನೇ ಸೋಫಾದ ಮೇಲೆ ಒಂದು ಮಂಡಿ ಊರಿದ. ಮೈ ತಿರುಚಿದ. ಉಸಿರು ಬಿಗಿಹಿಡಿದ.

ಯಾಗೊದಾಳ ಕಣ್ಣ ಮುಂದೆ ಭವಿಷ್ಯವೆಲ್ಲ ಹಾದುಹೋಯಿತು. ನೆಲದ ಮೇಲೆ ಒಂದು ಸೊಂಟ, ಗೋಡೆಗೊಂದು ಸೊಂಟ, ಸೋಫಾದ ಮೇಲೆ ಇನ್ನೊಂದು ಸೊಂಟ. ನಡುವೆ ಎರಡೂ ಕೈ ಮೇಲೆತ್ತಿ “ಎತ್ಕೋ, ಎತ್ಕೋ” ಎಂದು ಅಳುವ ದುನ್ಯಾ. ಮನೆಯಲ್ಲಿ ಉಳಿದಿದ್ದ ಏಕೈಕ ಬೆನ್ನುಮೂಳೆ ವೆಲ್ಕೊನದು!

“ಬಿಡು! ಆ ಕಿಟಕಿ ತಂಟೆಗೆ ಹೋಗ್ಬೇಡ! ಮುಚ್ಚಿರ್ಲಿ!”

ಎಂದು ಚೀರಿದ್ದು ಯಾರೆಂದು ಎಲ್ಲರೂ ತಿರುಗಿ ನೋಡಿದರು. ಯಾಗೊದಾ ತಾನೂ ತಿರುಗಿ ನೋಡಿದಳು. ಅವಳೇ.

ವೆಲ್ಕೊ ಕೈ ಬಿಟ್ಟ. ದೆಸಾಂಕಾ ಗೆದ್ದವರ ದೊಡ್ಡ ಮನಸ್ಸಿನಿಂದ ಒದ್ದೆ ಬಟ್ಟೆ ತಂದು ಮೊಮ್ಮಗಳ ಕುತ್ತಿಗೆ ಒರೆಸಿ, ಅಜ್ಜನ ಕಾಲದ ಬೀಸಣಿಗೆಯನ್ನು ಮಗನ ಕೈಗೆ ಕೊಟ್ಟು, “ರಾತ್ರಿಯೆಲ್ಲ ಬೀಸು,” ಎಂದರು. ಆಮೇಲೆ ಬೀರುವಿನಿಂದ ಎರಡು ಉಣ್ಣೆಯ ನಡುಪಟ್ಟಿ ತೆಗೆದರು. ಕುರಿಯೇ ನಿಂತು ಕೂಗೀತೇನೋ ಅನ್ನಿಸುವಷ್ಟು ದಪ್ಪನೆಯವು. ಒಂದನ್ನು ತಾವು ಸುತ್ತಿಕೊಂಡು, ಇನ್ನೊಂದನ್ನು ಯಾಗೊದಾಳ ಸೊಂಟಕ್ಕೆ ಬಿಗಿದರು. ಡಾಕ್ಟರರ ಅಪ್ಪಣೆಯಂತೆ ಇಬ್ಬರೂ ಊಟದ ಮೇಜಿನ ಸುತ್ತ ಪ್ರದಕ್ಷಿಣೆ ಹೊರಟರು, ಜುಲೈ ತಿಂಗಳಲ್ಲಿ, ಮುಚ್ಚಿದ ಕಿಟಕಿಯ ಮನೆಯಲ್ಲಿ.

“ಹಿತವಾಗಿದ್ಯಾ?” ಎಂದು ಹಿಂದಿನಿಂದ ಕೇಳಿದರು ದೆಸಾಂಕಾ.

“ಏನೂ ಇಲ್ಲ. ಸುಮ್ನೆ ಚುಚ್ಚುತ್ತೆ,” ಎಂದಳು ಯಾಗೊದಾ, ಸೋತವರಿಗೆ ಉಳಿಯುವ ಅಷ್ಟಿಷ್ಟು ಬಿಗುಮಾನದಲ್ಲಿ.

“ಸರಿ ಬಿಡು, ಬಿಚ್ಚಿಬಿಡ್ತೀನಿ,” ಎಂದು ಅತ್ತೆ ಗಂಟಿಗೆ ಕೈ ಹಾಕಿದರು.

ಯಾಗೊದಾ ಎರಡೂ ಕೈಯಲ್ಲಿ ಪಟ್ಟಿಯನ್ನು ಅವುಚಿ ಹಿಡಿದುಕೊಂಡು, ನೋವನ್ನೂ ಮರೆತು, ಮೇಜಿನ ಆಚೆ ಬದಿಗೆ ಓಡಿದಳು.