ಹವಾಲ್ದಾರರ ಕಾಗದಕ್ಕೆ ನಾನಿಟ್ಟ ಅರಿಶಿನ

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ, ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾದವಳು ನಾನು. ನನ್ನಷ್ಟು ಅಚ್ಚುಕಟ್ಟಾಗಿ ಫೈಲು ಜೋಡಿಸುವವರು ಅರಸೀಕೆರೆ ತಾಲ್ಲೂಕಿನಲ್ಲೇ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಎಲ್ಲರಿಗೂ ಎಂದರೆ, ನಾನು ಹೇಳಿದವರಿಗೆಲ್ಲ.

ಹಾಗಾಗಿ ಗಂಡಸಿ ಕಡೆಯ ರಾಜೇಗೌಡ ಒಂದು ಬೆಳಿಗ್ಗೆ ಮಗಳ ಜೊತೆ ನಮ್ಮ ಗೇಟಿನ ಮುಂದೆ ಬಂದು ನಿಂತಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಅವನು ನನ್ನ ಹಳೆಯ ವಿದ್ಯಾರ್ಥಿ. ವಿಜ್ಞಾನದಲ್ಲಿ ದೇವರೇ ಗತಿ ಎನ್ನುವಂತಿದ್ದವನು ಸೇನೆಗೆ ಸೇರಿ, ಹಿಮದ ಗುಡ್ಡಗಳಲ್ಲಿ ಹೇಸರಗತ್ತೆಗಳನ್ನು ನೋಡಿಕೊಂಡು, ಹವಾಲ್ದಾರನಾಗಿ ನಿವೃತ್ತಿ ಹೊಂದಿ ಈಗ ತೆಂಗು, ಹಸು ಅಂತ ಊರಲ್ಲಿದ್ದಾನೆ. ಮಗಳು ಸಹನಾ ಪಿಯುಸಿ ಮುಗಿಸಿದ್ದಳು. ದನದ ಡಾಕ್ಟರಾಗಬೇಕು ಎಂಬುದು ಅವಳ ಹಟ.

"ಮೇಡಂ, ಜನರಲ್ ಸೀಟು ಸಿಗೋ ಹಂಗಿಲ್ಲ. ಮಾಜಿ ಸೈನಿಕರ ಮಕ್ಕಳಿಗೆ ಅಂತ ಬೇರೆ ಸೀಟು ಐತಲ್ಲ, ಅದು ಸಿಕ್ರೆ ಉಂಟು. ಇಲ್ಲಾಂದ್ರೆ ಇವಳು ಒಂದು ವರ್ಷ ಮನೇಲೇ" ಎಂದ ರಾಜೇಗೌಡ.

ಅದಕ್ಕೆ ಬೇಕಾದದ್ದು ಮುಖ್ಯವಾಗಿ ಎರಡು. ಒಂದು, ಅವನ ಸೇನೆಯ ಡಿಸ್ಚಾರ್ಜ್ ಪುಸ್ತಕ. ಇನ್ನೊಂದು, ಈ ಹುಡುಗಿ ಮಾಜಿ ಸೈನಿಕರ ಮಗಳು ಎಂದು ಹಾಸನದ ಸೈನಿಕ ಕಲ್ಯಾಣ ಕಚೇರಿ ಕೊಡುವ ಪ್ರಮಾಣಪತ್ರ. ಮರುದಿನ ಹಾಸನದಲ್ಲೇ ದಾಖಲೆ ಪರಿಶೀಲನೆ. ಎರಡರ ಅಸಲು ಪ್ರತಿಯನ್ನೂ ತೋರಿಸಬೇಕು. ಅವೆರಡನ್ನೂ ರಾಜೇಗೌಡ ಆಗಲೇ ಜೋಡಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಸುರುಟದಂತೆ ರಟ್ಟು ಇಟ್ಟು ತಂದಿದ್ದ. ನಿಜ ಹೇಳಬೇಕೆಂದರೆ ಮಾಡುವ ಕೆಲಸ ಏನೂ ಉಳಿದಿರಲಿಲ್ಲ. ಆದರೆ ನಾನು ಬಿಡಬೇಕಲ್ಲ!

"ಇಟ್ಟು ಹೋಗಪ್ಪ. ನಾನು ಕ್ರಮವಾಗಿ ಫೈಲು ಮಾಡಿ ನಾಳೆ ನಿಮ್ಮ ಜೊತೆಗೇ ಬರ್ತೀನಿ" ಎಂದೆ.

ಸಹನಾ ಅಪ್ಪನ ಮುಖ ನೋಡಿದಳು. ಅಪ್ಪ ಗುರುಗಳ ಮಾತಿಗೆ ತಲೆಯಾಡಿಸಿದ. ಸೇನೆಯಲ್ಲಿ ಅಷ್ಟು ವರ್ಷ ಇದ್ದವನಿಗೆ ಅಪಾಯದ ವಾಸನೆ ಬರಬೇಕಿತ್ತು!

ಸಂಜೆ ದೀಪ ಹಚ್ಚಿದೆ. ದೇವರ ಮುಂದೆ ಫೈಲು ಇಟ್ಟೆ. ಹುಡುಗಿಯ ಭವಿಷ್ಯ, ಬರೀ ಕೈ ಮುಗಿದರೆ ಸಾಕೇ? ಬಟ್ಟಲಲ್ಲಿ ಅರಿಶಿನ ಕಲಸಿದೆ. ಕಾಗದಗಳ ನಾಲ್ಕೂ ಮೂಲೆಗೆ ಹೆಬ್ಬೆರಳಿನಿಂದ ದಟ್ಟವಾಗಿ ಅರಿಶಿನ ಹಚ್ಚಿ, ಅದರ ಮೇಲೆ ಕುಂಕುಮದ ಬೊಟ್ಟು ಇಟ್ಟೆ.

ನಮ್ಮ ಯಜಮಾನರದು ಕೊಬ್ಬರಿ ವ್ಯಾಪಾರ. ಅದೇ ತಾನೇ ಮಂಡಿಯಿಂದ ಬಂದವರು ಬಾಗಿಲಲ್ಲೇ ನಿಂತು ನೋಡಿದರು.

"ಲೇ ಸರೋಜಾ, ಅದು ಮದುವೆ ಕಾಗದ ಅಲ್ಲ ಕಣೇ. ಮಿಲಿಟ್ರಿ ಕಾಗದ."

"ಪ್ರತಿ ವರ್ಷ ನಿಮ್ಮ ಅಂಗಡಿ ಲೆಕ್ಕದ ಪುಸ್ತಕಕ್ಕೆ ಹಚ್ಚಲ್ವೇನ್ರೀ?"

"ಅದನ್ನ ಯಾರೂ ಪರಿಶೀಲನೆ ಮಾಡಲ್ಲ" ಎಂದು ಕಾಲು ತೊಳೆಯಲು ಹೋದರು.

ಹೊಟ್ಟೆಕಿಚ್ಚು ಎಂದುಕೊಂಡು ಫೈಲು ಮುಚ್ಚಿದೆ. ಮೇಲೆ ಭಾರಕ್ಕಿರಲಿ ಎಂದು ಪಂಚಾಂಗವನ್ನೂ ಇಟ್ಟೆ.

ಬೆಳಿಗ್ಗೆ ಎದ್ದು ತೆರೆದು ನೋಡುತ್ತೇನೆ, ಎಲ್ಲೆಲ್ಲೂ ಹಳದಿ! ಹಸಿ ಅರಿಶಿನ ಹರಡಿ ಒಂದು ಕಾಗದದಿಂದ ಇನ್ನೊಂದಕ್ಕೆ ದಾಟಿತ್ತು. ಡಿಸ್ಚಾರ್ಜ್ ಪುಸ್ತಕದಲ್ಲಿ ಯೌವನದ ರಾಜೇಗೌಡ ಕಾಮಾಲೆ ಬಂದವನಂತೆ ಹಳದಿಯಾಗಿ ನನ್ನನ್ನೇ ದಿಟ್ಟಿಸುತ್ತಿದ್ದ. ಪ್ರಮಾಣಪತ್ರದ ಕೆಳಮೂಲೆಯ ಮೊಹರು, ಸಹಿ ಎರಡೂ ಅರಿಶಿನದ ಅಡಿ ಸೇರಿದ್ದವು.

ಇಲ್ಲಿಗೇ ಸುಮ್ಮನಾಗಿದ್ದರೆ ದೇವರು ನನ್ನನ್ನು ಕ್ಷಮಿಸುತ್ತಿದ್ದನೋ ಏನೋ. ರೈಲಿಗೆ ಇನ್ನೂ ಹೊತ್ತಿತ್ತು. ಒದ್ದೆ ಬಟ್ಟೆಗೆ ಬಟ್ಟೆ ಸೋಪು ಉಜ್ಜಿ, ಬಹಳ ನಾಜೂಕಾಗಿ ಒರೆಸಿದೆ. ಹಳದಿ ಹೋಗಲಿಲ್ಲ. ಕೆಂಪಾಯಿತು! ಗಾಬರಿಯಾಗಿ ಇನ್ನಷ್ಟು ಸೋಪು ಹಾಕಿದೆ. ಕಡುಗೆಂಪಾಯಿತು! ಒಣಗಿಸೋಣವೆಂದು ಇಸ್ತ್ರಿಪೆಟ್ಟಿಗೆ ಇಟ್ಟೆ. ಕೆಂಪು ಗಟ್ಟಿಯಾಗಿ ಕೂತಿತು. ಮೊಹರಿನ ನೀಲಿ ಮಾತ್ರ ನೀರಿನೊಂದಿಗೆ ಹರಿದು ಎತ್ತಲೋ ಹೋಗಿತ್ತು.

ಅರ್ಧ ಮುಖಕ್ಕೆ ಶೇವಿಂಗ್ ನೊರೆ ಹಚ್ಚಿಕೊಂಡಿದ್ದ ಯಜಮಾನರು ನನ್ನ ಕೈಯಲ್ಲಿದ್ದ ಬಟ್ಟೆ ನೋಡಿ ಓಡಿ ಬಂದರು. "ಅಯ್ಯೋ, ಏನೇ ಇದು! ಎಲ್ಲಿ ಕುಯ್ಕೊಂಡೆ?"

"ನಂಗೇನಾಗಿಲ್ಲ ಕಣ್ರೀ, ಕಾಗದಕ್ಕೆ..."

ಅವರು ಕಾಗದ ನೋಡಿದರು, ನನ್ನನ್ನು ನೋಡಿದರು, ವಾಪಸ್ಸು ಹೋಗಿ ಉಳಿದರ್ಧ ಗಡ್ಡ ಹೆರೆದುಕೊಂಡರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸ್ಟೇಷನ್ನಿನಲ್ಲಿ ಅಪ್ಪ ಮಗಳು ನನಗಿಂತ ಮೊದಲೇ ಬಂದು ನಿಂತಿದ್ದರು. ನಾನು ಫೈಲನ್ನು ಸೆರಗಿನ ಒಳಗೆ ಅವುಚಿಕೊಂಡೇ ಹತ್ತಿದೆ. ಹೇಳಬೇಕು, ಹೇಳಬೇಕು ಎಂದು ಬಾಯಿ ತೆರೆದಾಗಲೆಲ್ಲ ರಾಜೇಗೌಡ, "ನೀವಿದ್ದೀರಲ್ಲ ಮೇಡಂ, ಇನ್ನು ನಂಗೆ ಯೋಚ್ನೆ ಇಲ್ಲ" ಎನ್ನುತ್ತಿದ್ದ. ಹಾಸನ ಬಂತು. ಬಾಯಿ ಮುಚ್ಚಿಯೇ ಇಳಿದೆ.

ಪರಿಶೀಲನೆಯ ಸಾಲಿನಲ್ಲಿ ನಮ್ಮ ಸರದಿ ಬಂದಾಗ ನಾನೇ ಮುಂದೆ ಹೋಗಿ ಫೈಲು ಇಟ್ಟೆ. ಮೇಜಿನ ಹಿಂದೆ ಇದ್ದವರು ಕನ್ನಡಕದ ವಯಸ್ಸಾದ ಅಧಿಕಾರಿ. ಡಿಸ್ಚಾರ್ಜ್ ಪುಸ್ತಕ ತೆರೆದವರು ಹಾಗೇ ನಿಂತುಬಿಟ್ಟರು. ಕುರ್ಚಿಯಿಂದ ಎದ್ದು ನಿಂತರು ಅನ್ನುತ್ತಿದ್ದೇನೆ! ಮೂಲೆಗಳ ಕೆಂಪನ್ನು ಬೆರಳಿನಿಂದ ಮುಟ್ಟಲೋ ಬೇಡವೋ ಎಂಬಂತೆ ಮುಟ್ಟಿದರು.

"ಯಾವ ಕಡೆ ಇದ್ರಿ ನೀವು? ಗಡಿಯಲ್ಲಾ?" ದನಿ ಮೆತ್ತಗಾಗಿತ್ತು.

"ಹೌದು ಸಾರ್" ಎಂದ ರಾಜೇಗೌಡ. ಅವನಿನ್ನೂ ಕಾಗದ ನೋಡಿರಲಿಲ್ಲ.

"ಪುಸ್ತಕ ಎದೆಯ ಜೇಬಿನಲ್ಲಿತ್ತಾ?"

"ಅದು ರಿಟೈರ್ ಆದ್ಮೇಲೆ ಕೊಡೋದು ಸಾರ್."

"ಗಾಯ ದೊಡ್ಡದೇ ಆಗಿತ್ತಾ?"

ರಾಜೇಗೌಡ ಯೋಚಿಸಿದ. "ಒಂದ್ಸಲ ಹೇಸರಗತ್ತೆ ಒದ್ದಿತ್ತು ಸಾರ್. ಮಂಡಿಗೆ. ಈಗ ವಾಸಿಯಾಗೈತೆ."

"ನೋಡಿ, ನಿಜವಾದ ಯೋಧರು ಹೀಗೇ. ಏನನ್ನೂ ಹೇಳಿಕೊಳ್ಳಲ್ಲ" ಎಂದು ಅಧಿಕಾರಿಗಳು ಸಾಲಿಗೆಲ್ಲ ಕೇಳುವಂತೆ ಹೇಳಿದರು. ಹಿಂದಿದ್ದವರಲ್ಲಿ ಯಾರೋ ಕೈ ಮುಗಿದರು. ನಾನು ತಲೆ ತಗ್ಗಿಸಿ, ಇದು ಹೀಗೇ ನಡೆದುಹೋಗಲಪ್ಪಾ ಎಂದು ಮನೆದೇವರನ್ನು ಬೇಡಿಕೊಂಡೆ. ಮಕ್ಕಳಿಗೆ ಸತ್ಯ ಹೇಳಿರಿ ಎಂದು ಪ್ರಾರ್ಥನೆಯ ಹೊತ್ತಿನಲ್ಲಿ ಭಾಷಣ ಬಿಗಿಯುತ್ತಿದ್ದವಳು ನಾನೇ.

ಅಷ್ಟರಲ್ಲಿ ಅವರು ಪ್ರಮಾಣಪತ್ರ ಎತ್ತಿಕೊಂಡರು. ಅದೂ ಕೆಂಪು! ತಾರೀಖು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಇದು ಹೋದ ವಾರ ಹಾಸನದಲ್ಲಿ ಕೊಟ್ಟಿದ್ದು. ಹೋದ ವಾರ ಹಾಸನದಲ್ಲಿ ಯಾವ ಯುದ್ಧ ಆಯ್ತು?"

ಸಹನಾ ಮೇಜಿನ ಮೇಲೆ ಬಾಗಿ ನೋಡಿದಳು. ಅವಳ ಮುಖದ ಬಣ್ಣವೇ ಹೋಯಿತು.  ಇನ್ನು ತಡೆಯಲಾಗಲಿಲ್ಲ.

"ರಕ್ತ ಅಲ್ಲ ಸಾರ್. ಅರಿಶಿನ. ನಾನೇ ಪೂಜೆ ಮಾಡಿದೆ. ಆಮೇಲೆ ನಾನೇ ಸೋಪು ಹಾಕಿದೆ."

ಅಧಿಕಾರಿಗಳು ಮೆಲ್ಲನೆ ಕೂತರು. ಕೈ ಮುಗಿದಿದ್ದವರು ಕೈ ಇಳಿಸಿದರು. ಆಗ ರಾಜೇಗೌಡನ ಮುಖ ಏಕಾಏಕಿ ಅರಳಿತು.

"ಮೇಡಂ! ಅರಿಶಿನಕ್ಕೆ ಸೋಪು ಹಾಕಿದ್ರೆ ಕೆಂಪಾಯ್ತದೆ! ಕ್ಲಾಸಲ್ಲಿ ನೀವೇ ಮಾಡಿ ತೋರ್ಸಿದ್ರಲ್ಲ! ಆವತ್ತು ನಂಗೆ ಅರ್ಥ ಆಗಿರ್ನಿಲ್ಲ ಅಂತ ಬೆಂಚ್ ಮೇಲೆ ನಿಲ್ಲಿಸಿದ್ರಿ. ಈಗ ಚೆನ್ನಾಗಿ ಅರ್ಥ ಆಯ್ತು."

ಅವನು ಹಂಗಿಸಲಿಲ್ಲ. ಮನಸಾರೆ ಖುಷಿಯಿಂದಲೇ ಹೇಳಿದ. ನನಗೆ ಅಲ್ಲೇ ಯಾವುದಾದರೂ ಬೆಂಚಿದ್ದರೆ ಹತ್ತಿ ನಿಲ್ಲಬೇಕೆನಿಸಿತು. ವರ್ಷವರ್ಷವೂ ಪಾಠ ಮಾಡಿದ ಪ್ರಯೋಗ ಅಡಿಗೆಮನೆಯಲ್ಲಿ ನೆನಪಾಗಲಿಲ್ಲವಲ್ಲ!

"ಡಿಸ್ಚಾರ್ಜ್ ಪುಸ್ತಕ ಇನ್ನೂ ಓದೋ ಹಾಗಿದೆ, ಪರವಾಗಿಲ್ಲ. ಆದರೆ ಮೊಹರಿಲ್ಲದ ಪ್ರಮಾಣಪತ್ರ ನಾನು ಒಪ್ಪೋ ಹಾಗಿಲ್ಲ ಅಮ್ಮಾ. ಸಂಜೆ ಕೌಂಟರ್ ಮುಚ್ಚೋದರೊಳಗೆ ಹೊಸದು ತಂದರೆ ಸರಿ. ಇಲ್ಲದಿದ್ದರೆ ಈ ಸೀಟುಗಳ ಪಟ್ಟಿಯಲ್ಲಿ ಇವಳ ಹೆಸರು ಇರಲ್ಲ" ಎಂದರು ಅಧಿಕಾರಿ.

ಆಟೋ ಹಿಡಿದು ಪ್ರಮಾಣಪತ್ರ ಕೊಟ್ಟ ಕಚೇರಿಗೆ ಓಡಿದೆವು.  ದಾರಿಯುದ್ದಕ್ಕೂ ಸಹನಾ ಅಳಲಿಲ್ಲ. ಹೊರಗೆ ನೋಡುತ್ತಾ ಕೆಳತುಟಿ ಕಚ್ಚಿಕೊಂಡಿದ್ದಳು. ನಾನು "ಏನೂ ಆಗಲ್ಲ ಕಣಮ್ಮ" ಎಂದೆ. ನನ್ನ ಬಾಯಿಂದ ಆ ಮಾತು ಕೇಳಲು ನನಗೇ ಭಯವಾಯಿತು.

ಅಲ್ಲಿದ್ದವರು ದಪ್ಪ ಮೀಸೆಯ ಮಾಜಿ ಸುಬೇದಾರರು. ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, "ಯಾರು ಮಾಡಿದ್ದು ಈ ಕೆಲಸ?" ಎಂದು ಗುಡುಗಿದರು.

ರಾಜೇಗೌಡ ಅಟೆನ್ಷನ್‌ನಲ್ಲಿ ನಿಂತು ಸೂರು ನೋಡಿದ. ಸಾಯಿಸಿದರೂ ಅವನು ಬಾಯಿ ಬಿಡುವವನಲ್ಲ. ನಾನು ಮೆಲ್ಲಗೆ ಕೈ ಎತ್ತಿದೆ.

"ನೀವು ಏನಾಗಬೇಕು ಇವರಿಗೆ?"

"ಸಹಾಯ ಮಾಡೋಕೆ ಬಂದವಳು ಸಾರ್."

ಅವರ ಮೀಸೆ ಅಲುಗಿತು. ನಗುವೋ ಸಿಟ್ಟೋ ತಿಳಿಯಲಿಲ್ಲ. ಕಂಪ್ಯೂಟರಿನಲ್ಲಿ ಹುಡುಕಿ, ಹೊಸದಾಗಿ ಮುದ್ರಿಸಿ, ಮೇಲಿನವರ ಸಹಿ ಹಾಕಿಸಿಕೊಂಡು ಬಂದು, ಟಪ್ಪೆಂದು ಮೊಹರು ಒತ್ತಿದರು. "ಇದಕ್ಕೆ ಎಲ್ಲಾ ಪೂಜೆ ಆಗಿದೆ. ಮತ್ತೆ ಮಾಡಬೇಡಿ" ಎಂದು ಕಾಗದ ಮುಂದೆ ಚಾಚಿದರು.

ಅಭ್ಯಾಸಬಲದಿಂದ ನಾನು ಕೈ ಮುಂದೆ ಮಾಡಿದೆ. ನನ್ನ ಕೈಗಿಂತ ಮೊದಲು ಸಹನಾಳ ಕೈ ಹೋಯಿತು. "ನನ್ನ ಹತ್ರಾನೇ ಇರ್ಲಿ ಮೇಡಂ" ಎಂದಳು. ಬಹಳ ಮರ್ಯಾದೆಯಿಂದಲೇ ಹೇಳಿದಳು.

ಕೌಂಟರ್ ಮುಚ್ಚುವ ಮೊದಲು ತಲುಪಿದೆವು. ಈ ಸಲ ನನ್ನನ್ನು ಹೊರಗಿನ ಹುಣಸೆಮರದ ಕೆಳಗೆ ಕೂರಿಸಿ ಅಪ್ಪ ಮಗಳು ಇಬ್ಬರೇ ಒಳಗೆ ಹೋದರು. ಕೆಲಸ ಬೇಗನೇ ಆಯಿತು.

ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಸಹನಾ ಸಿಹಿ ಡಬ್ಬಿ ಹಿಡಿದು ಬಂದಳು. ಸೀಟು ಸಿಕ್ಕಿತ್ತು! ನನ್ನ ಕಣ್ಣು ತುಂಬಿ ಬಂತು. ಅವಳೂ ಕಣ್ಣೊರೆಸಿಕೊಂಡು ನಕ್ಕಳು.

"ಕಾಲೇಜಿನ ಅಡ್ಮಿಷನ್ ಆರ್ಡರ್ ತಂದಿದೀಯಾ? ಕೊಡು, ನೋಡ್ತೀನಿ" ಎಂದೆ.

"ಅಲ್ಲಿಂದಾನೇ ನೋಡಿ ಮೇಡಂ" ಎಂದು ಗೇಟಿನ ಹತ್ತಿರವೇ ನಿಂತು ಎರಡೂ ಕೈಯಲ್ಲಿ ಹಿಡಿದು ತೋರಿಸಿದಳು. ಕನ್ನಡಕವಿಲ್ಲದೆ ನನಗೆ ಕಂಡದ್ದು ಬಿಳಿ ಬಣ್ಣ ಮಾತ್ರ. ಒಂದು ಕಲೆಯೂ ಇರಲಿಲ್ಲ.

ಒಳಗಿನಿಂದ ಯಜಮಾನರು ತಾವಾಗಿಯೇ ಅರಿಶಿನ ಕುಂಕುಮದ ಬಟ್ಟಲು ತಂದರು. ಆವತ್ತಿನಿಂದ ಅದನ್ನು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. "ತಗೋ. ಮನುಷ್ಯರಿಗೆ ಮಾತ್ರ" ಎಂದರು.

ಸಹನಾ ಒಳಗೆ ಬಂದು ನನ್ನ ಕಾಲಿಗೆ ನಮಸ್ಕರಿಸಿದಳು. "ನನ್ನ ಹಣೆಗೆ ಹಚ್ಚಿ ಮೇಡಂ, ಎಷ್ಟು ಬೇಕಾದ್ರೂ ಹಚ್ಚಿ" ಎಂದು ಕಣ್ಣು ಮುಚ್ಚಿ ಮುಖ ಮುಂದೆ ಮಾಡಿದಳು. ನಾನು ಬೆರಳು ಎತ್ತಿದ್ದೇ ತಡ, ಆರ್ಡರ್ ಹಿಡಿದ ಕೈ ಸದ್ದಿಲ್ಲದೆ ಬೆನ್ನ ಹಿಂದಕ್ಕೆ ಹೋಯಿತು.