ಗೋಡೆ ನೋಡಲು ಬಂದವನು

ಎಡವಟ್ಟಿಗೆಲ್ಲ ಕಾರಣ ಅಜ್ಜಿಯ ಎಡ ಮಂಡಿ.

ಕಟ್ಟಡಗಳಲ್ಲಿ ಕರೆಂಟು ಎಲ್ಲೆಲ್ಲಿ ಪೋಲಾಗುತ್ತಿದೆ ಎಂದು ಪತ್ತೆಹಚ್ಚುವುದು ನಮ್ಮ ತಪಾಸಣೆಗಾರನ ಕೆಲಸ. ಹಿಂದಿನ ಕಟ್ಟಡದ ವರದಿಯಲ್ಲಿ ಇಲ್ಲದ ಕಿಟಕಿಯನ್ನು ಸೇರಿಸಿ ಬೈಸಿಕೊಂಡಿದ್ದ. "ಇದನ್ನೂ ಕೆಡಿಸಿದ್ರೆ ಬೇರೆ ಕೆಲಸ ನೋಡ್ಕೊಳ್ಳಿ," ಎಂದು ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿ ಕಳಿಸಿದ್ದರು.

ನೆಲಮಹಡಿಯ ಮೊದಲ ಮನೆಯ ಕಿಟಕಿಯ ಸಂದಿಗೆ ಆತ ಕ್ಯಾಮೆರಾ ಹಿಡಿದ. ಬಿಸಿಯಿದ್ದಲ್ಲಿ ಕೆಂಪು, ತಂಪಿದ್ದಲ್ಲಿ ನೀಲಿ ತೋರಿಸುವ ಕ್ಯಾಮೆರಾ ಅದು. ಪಕ್ಕದಲ್ಲೇ ಕಾಲು ಚಾಚಿ ಕೂತಿದ್ದ ಅಜ್ಜಿ ಪರದೆಯೊಳಗೆ ಇಣುಕಿದರು.

"ಇದೇನಪ್ಪ, ಕೆಂಡದ ಹಾಗೆ ಕಾಣ್ತಿದೆ?"

"ನಿಮ್ಮ ಮಂಡಿ ಅಜ್ಜಿ. ಇನ್ನೊಂದು ಕಾಲಿಗಿಂತ ಬಿಸಿಯಾಗಿದೆ. ಡಾಕ್ಟರಿಗೆ ತೋರಿಸಿ."

ಅಜ್ಜಿ ಕೂಗಿದ ಕೂಗಿಗೆ ಸೊಸೆ ಸೌಟಿನ ಸಮೇತ ಓಡಿಬಂದಳು.

"ನೋಡಮ್ಮ! ನೋವು ಅಂದಾಗೆಲ್ಲ ನಾಟಕ ಅಂತಿದ್ದೆಯಲ್ಲ!"

ಪರದೆ ನೋಡಿದ ಸೊಸೆಯ ಮುಖ ಬಾಡಿತು. "ತಪ್ಪಾಯ್ತು ಅತ್ತೆ," ಎಂದು ಅಲ್ಲೇ ಕೂತು ಅವರ ಕಾಲು ನೀವತೊಡಗಿದಳು. "ಸಂಜೆಗೇ ಡಾಕ್ಟರ ಹತ್ರ ಹೋಗೋಣ."

ಅಜ್ಜಿ ತಪಾಸಣೆಗಾರನ ಎರಡೂ ಕೈ ಹಿಡಿದುಕೊಂಡರು. "ನಿನ್ನ ಹೊಟ್ಟೆ ತಣ್ಣಗಿರಲಿ ಮಗನೇ." ಈ ಕೆಲಸ ಹಿಡಿದಾಗಿನಿಂದ ಯಾರ ಬಾಯಲ್ಲೂ ಇಂಥ ಮಾತನ್ನು ಆತ ಕೇಳಿರಲಿಲ್ಲ.

ಸುದ್ದಿ ಮೆಟ್ಟಿಲು ಹತ್ತಿತು. ಮೊದಲ ಮಹಡಿಯ ಟೈಲರು ಕತ್ತು ತೋರಿಸಲು ಬಂದ. ಮೂರನೇ ಮಹಡಿಯ ಮೇಷ್ಟ್ರು ಹೆಂಡತಿಯನ್ನೂ ಕರೆತಂದರು. "ಮದುವೆಯಾದಾಗಿನಿಂದ ನಾನೇ ಇವಳ ತಲೆಬಿಸಿ ಅಂತಾಳೆ. ಯಾರ ತಲೆ ಹೆಚ್ಚು ಬಿಸಿ ಅಂತ ಇವತ್ತು ಇತ್ಯರ್ಥ ಆಗ್ಲಿ."

"ಸ್ವಾಮಿ, ನಾನು ಡಾಕ್ಟರಲ್ಲ, ಗೋಡೆ ನೋಡೋನು!"

"ಗೋಡೆ ಎಲ್ಲಿ ಓಡಿಹೋಗುತ್ತೆ? ಮೊದ್ಲು ನಮ್ಮನ್ನ ನೋಡಿ."

ಅಜ್ಜಿಯ ಪಡಸಾಲೆ ಜಾತ್ರೆಯಾಯಿತು. ಒಂದೇ ಕಟ್ಟಡದಲ್ಲಿದ್ದೂ ಮಾತು ಬಿಟ್ಟಿದ್ದವರು ಪರಸ್ಪರರ ಸೊಂಟ ವಿಚಾರಿಸಿಕೊಂಡರು. ಕಾಫಿಯ ಮೇಲೆ ಕಾಫಿ ಬಂತು. ಒಲ್ಲೆನೆನ್ನಲು ತಪಾಸಣೆಗಾರನಿಗೆ ಮನಸ್ಸೇ ಬರಲಿಲ್ಲ. ಸಂಜೆ ಕ್ಯಾಮೆರಾದ ಬ್ಯಾಟರಿ ಪ್ರಾಣ ಬಿಟ್ಟಾಗ ಅದರ ತುಂಬ ಮಂಡಿ, ಕತ್ತು, ಸೊಂಟಗಳ ಫೋಟೋಗಳೇ ಇದ್ದವು; ಆತ ಒಂದು ಗೋಡೆಯನ್ನೂ ನೋಡಿರಲಿಲ್ಲ.

ಅಷ್ಟರಲ್ಲಿ ಮ್ಯಾನೇಜರ್ ಫೋನ್.

"ಏನ್ರೀ ಮಾಡಿದ್ರಿ ಅಲ್ಲಿ?"

"ಸಾರ್, ಅದು..."

"ಆಫೀಸಲ್ಲಿ ಕೂತು ಕಂಪ್ಯೂಟರಲ್ಲಿ ಮೀಟರ್ ನೋಡ್ತಾ ಇದ್ದೀನಿ. ಮಧ್ಯಾಹ್ನದಿಂದ ಆ ಕಟ್ಟಡದ ಕರೆಂಟು ಅರ್ಧಕ್ಕರ್ಧ ಇಳಿದಿದೆ! ಭೇಷ್!"

ತಪಾಸಣೆಗಾರ ಸುತ್ತ ನೋಡಿದ. ತಂತಮ್ಮ ಮನೆಯ ಫ್ಯಾನು, ಟಿವಿ, ಏಸಿ ಎಲ್ಲ ಆರಿಸಿ ಇಡೀ ಕಟ್ಟಡವೇ ಈ ಒಂದು ಪಡಸಾಲೆಯಲ್ಲಿತ್ತು. ಕೆಲಸ ಉಳಿಸಿದ ಆ ಪುಣ್ಯಾತ್ಮರಿಗೆಲ್ಲ ಆತ ಮನಸ್ಸಿನಲ್ಲೇ ಕೈಮುಗಿದ.

"ಬಹಳ ಉಪಕಾರ ಸಾರ್."

"ಅದನ್ನ ನಾವು ಹೇಳ್ಬೇಕು ಕಣ್ರೀ. ದೊಡ್ಡ ಸಾಹೇಬ್ರು ಖುಷಿಯಾಗಿಬಿಟ್ಟಿದ್ದಾರೆ. ನಾಳೆ ಬೆಳಿಗ್ಗೆ ಎಲ್ಲಾ ಇಂಜಿನಿಯರುಗಳ ಮುಂದೆ ನಿಂತು, ಇದನ್ನ ಹೇಗೆ ಸಾಧಿಸಿದ್ರಿ ಅಂತ ವಿವರಿಸ್ಬೇಕು. ನೀವು ತೆಗೆದಿರೋ ಫೋಟೋಗಳನ್ನ ಒಂದೂ ಬಿಡದೆ ದೊಡ್ಡ ಪರದೆ ಮೇಲೆ ಹಾಕ್ತೀವಿ."