ಬೀಗರ ನಡುವೆ ಎರಡು ನಾಜಲ್

ಜುಲೈ ಇಪ್ಪತ್ತೊಂದು, ಸೋಮವಾರ. ಮೋಡವಿತ್ತು, ಮಳೆ ಇರಲಿಲ್ಲ. ಆಷಾಢದ ಗಾಳಿ ಬೆಳಿಗ್ಗೆಯಿಂದಲೇ ಅಂಗಡಿಯ ಬೋರ್ಡನ್ನು ಬಡಿಯುತ್ತಿತ್ತು.

ಬಳ್ಳಾರಿಯಲ್ಲಿ ನನ್ನದು ಔಷಧಿ ಹೊಡೆಯುವ ಪಂಪುಗಳ ಅಂಗಡಿ. ಬೆನ್ನಿಗೆ ಹಾಕಿಕೊಳ್ಳುವ ಬ್ಯಾಟರಿ ಪಂಪು, ಪೈಪು, ವಾಷರು, ನಾಜಲ್. ನಾನು ಮಾತು ಕಡಿಮೆ. ಪಂಪು ಮಾರಿದರೆ ಮುಗಿಯಿತು ಎಂದುಕೊಳ್ಳುತ್ತೇನೆ. ಆದರೆ ಪಂಪಿನ ಹಿಂದೆಯೇ ಗಿರಾಕಿಯ ಮನೆ, ಮಕ್ಕಳು, ಮಾನ ಮರ್ಯಾದೆ ಎಲ್ಲ ಕೌಂಟರಿನ ಮೇಲೆ ಬಂದು ಕೂರುತ್ತವೆ. ಇದು ವರ್ಷಕ್ಕೆ ನಾಲ್ಕಾರು ಸಲ ಇದ್ದದ್ದೇ. ಈ ಸಲದ್ದು ಸ್ವಲ್ಪ ಎದೆಗೇ ಬಂದಿತ್ತು.

೧. ಹೊಗಿ ಬರಬೇಕು

ಬಂದವರು ಕುರುಗೋಡಿನ ಯಜಮಾನರು. ಮೆಣಸಿನಕಾಯಿ ಬೆಳೆಯುವವರು. ಹೊಸ ಮನೆ ಕಟ್ಟಿಸಿ, ಬಳ್ಳಾರಿಯ ಯಾವುದೋ ಫಂಕ್ಷನ್ ಹಾಲಿನಲ್ಲಿ ನೋಡಿದ ಹಾಗೆ ಮನೆಯ ಮುಂದೆ ಲಾನ್ ಹಾಕಿಸಿದ್ದರು. ಈಗ ಅದರಲ್ಲಿ ಹುಲ್ಲಿಗಿಂತ ಜೇಕು ಜಾಸ್ತಿ. ಜೇಕು ಅಂದರೆ ಕಿತ್ತಷ್ಟೂ ಗಡ್ಡೆಯಿಂದ ಮತ್ತೆ ಏಳುವ ಕಳೆ.

"ಶ್ರಾವಣದ ಮೊದಲನೇ ಸೋಮವಾರ ಸಿರುಗುಪ್ಪದಿಂದ ಬೀಗರು ಬರ್ತಾರ್ರಿ, ಮಗಳ ಮಾತು ಮುಗಿಸಾಕ," ಎಂದರು. "ನಿಶ್ಚಯ ಆ ಲಾನಿನ ಮ್ಯಾಲೇ ಮಾಡ್ಬೇಕಂತ ಐತಿ. ಹೋದ ವರ್ಷ ಒಂದು ಸಂಬಂಧ ಎಲಿ ಅಡಿಕಿ ತನಕ ಬಂದು ತಪ್ಪಿ ಹೋತು. ಇದೂ ತಪ್ಪಿದ್ರ ಆ ಹುಡುಗಿ ಮುಖಾ ನೋಡಾಕ ಆಗಂಗಿಲ್ರಿ ನನಗ."

ಪಂಪು ಆರಿಸಲು ಅವರಿಗೆ ಹೊತ್ತು ಹಿಡಿಯಲಿಲ್ಲ. ತೊಡಕಾದದ್ದು ನಾಜಲ್, ಪೈಪಿನ ತುದಿಯಲ್ಲಿ ಔಷಧಿ ಸಿಡಿಯುವ ಮೂತಿ. ಕಳೆಗೆ ಚಪ್ಪಟೆ ನಾಜಲ್ ಬೇಕು. ಬೀಸಣಿಗೆಯಂತೆ ಅಗಲವಾಗಿ, ದಪ್ಪ ಹನಿಯಾಗಿ ಬಿದ್ದು ಬಿದ್ದಲ್ಲೇ ಕೂರುತ್ತದೆ. ಅವರು ಹಿಡಿದದ್ದು ಗುಂಡು ನಾಜಲ್. ಮಂಜಿನಂತೆ ತೇಲುವ ತುಂತುರು. ಮೆಣಸಿನ ಎಲೆಯ ಅಡಿಗೆ ಅಡಗುವ ನುಸಿಯ ಜೊತೆ ಜನ್ಮವಿಡೀ ಗುದ್ದಾಡಿದವರಿಗೆ ಬೇರೆ ನಾಜಲ್ ಕಣ್ಣಿಗೆ ಹತ್ತುವುದಿಲ್ಲ.

"ಎಣ್ಣಿ ಅಂದ್ರ ಹೊಗಿ ಬಂದಂಗ ಬರ್ಬೇಕ್ರಿ," ಎಂದರು. ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧಿಗೆಲ್ಲ ಎಣ್ಣಿ ಎಂದೇ ಹೆಸರು. "ದಪ್ಪ ಹನಿ ಬಿದ್ರ ಅದು ನೀರು ಹಾಯಿಸಿದಂಗ."

"ನುಸಿ ಅಡಗತೈತ್ರಿ. ಜೇಕು ಎಲ್ಲಿ ಅಡಗತೈತಿ? ಎದುರಿಗೇ ನಿಂತಿರ್ತೈತಿ," ಎಂದೆ. "ಅದರಾಗ ಈ ಗಾಳಿ. ಹೊಗಿ ನಿಮ್ಮ ಲಾನಿನ ಮ್ಯಾಲೆ ಬೀಳಂಗಿಲ್ಲ, ಪಕ್ಕದ ಮನಿ ದಾಸಾಳದ ಮ್ಯಾಲೆ ಬೀಳ್ತೈತಿ."

ಅವರು ಕೇಳಲಿಲ್ಲ. ಟ್ಯಾಂಕಿಗೆ ನೀರು ತುಂಬಿಸಿ, ಬೆನ್ನಿಗೆ ಹಾಕಿಕೊಂಡು, ಅಂಗಡಿಯೊಳಗೇ ಸ್ವಿಚ್ಚು ಒತ್ತಿದರು. ಬಾಗಿಲಿನಿಂದ ಬಂದ ಗಾಳಿಯೇ ಸಾಕಾಯಿತು. ನನ್ನ ಕನ್ನಡಕ ಬೆಳ್ಳಗಾಯಿತು.

"ನೋಡ್ರಿ, ಹೊಗಿ ಅಂದ್ರ ಇದು!"

"ಏನೂ ಕಾಣವಲ್ದು," ಎಂದೆ.

"ಕಾಣಬಾರದ್ರಿ. ಹಂಗ ಬಂದ್ರನ ಹೊಗಿ," ಎಂದು ಅದೇ ನಾಜಲ್ ತೆಗೆದುಕೊಂಡು ಹೋದರು.

೨. ಮುಖ ಯಾವ ಕಡೆ

ಅಮಾವಾಸ್ಯೆಯ ಮರುದಿನ ಫೋನು ಬಂತು.

"ನಿಮ್ಮ ಮಷೀನು ಸತ್ತೈತ್ರಿ. ಮೋಟರು ಗುರ್ ಅಂತೈತಿ, ಒಂದು ಹನಿ ಬರವಲ್ದು. ಸೋಮವಾರ ಬೀಗರು ಬರ್ತಾರ. ಇವತ್ತ ಹೊಡೀಲಿಲ್ಲ ಅಂದ್ರ ಜೇಕು ಯಾವಾಗ ಸಾಯಬೇಕು, ಲಾನು ಯಾವಾಗ ಹಸರಾಗಬೇಕು?"

ಅಂಗಡಿ ಮುಚ್ಚಿ ಕುರುಗೋಡಿನ ಬಸ್ಸು ಹತ್ತಿದೆ.

ಪಂಪು ಪಡಸಾಲೆಯಲ್ಲಿ ಮಣೆಯ ಮೇಲಿತ್ತು. ಟ್ಯಾಂಕಿಗೆ ವಿಭೂತಿಯ ಮೂರು ಪಟ್ಟೆ, ಬೆಲ್ಟಿಗೆ ಚೆಂಡುಹೂವಿನ ಮಾಲೆ, ಕೆಳಗೆ ನಿಂಬೆಹಣ್ಣು. ಅಮಾವಾಸ್ಯೆಗೆ ಟ್ರ್ಯಾಕ್ಟರು, ಬೈಕು, ಬೋರಿನ ಸ್ಟಾರ್ಟರು ಎಲ್ಲಕ್ಕೂ ಪೂಜೆಯಾಗಿತ್ತು. ಹೊಸದಾಗಿ ಬಂದದ್ದಕ್ಕೆ ಒಂದು ಕೈ ಹೆಚ್ಚೇ ಆಗಿತ್ತು. ನಾಜಲ್ಲಿನ ತುದಿಗೆ ಗಂಧ ತೇಯ್ದು ಮೆತ್ತಿ, ಅದರ ಮೇಲೆ ಅಚ್ಚುಕಟ್ಟಾಗಿ ಕುಂಕುಮ ಇಟ್ಟಿದ್ದರು. ರಾತ್ರಿಯೆಲ್ಲ ಒಣಗಿ ಅದು ಸಿಮೆಂಟಿನಂತಾಗಿತ್ತು.

ನಾಜಲ್ ಬಿಚ್ಚಿದೆ. ಯಜಮಾನರು ಅದನ್ನು ಕಸಿದುಕೊಂಡು ಬಾಯಿಗಿಟ್ಟು ಊದಲು ಹೋದರು. ಕೈ ಹಿಡಿದೆ.

"ಬಾಯಿಗೆ ಬ್ಯಾಡ್ರಿ, ಎಂದೂ ಬ್ಯಾಡ. ನಾಳೆ ಎಣ್ಣಿ ಹಾಕಿದ ಮ್ಯಾಲೂ ಇದ ರೂಢಿ ಬರ್ತೈತಿ."

ಹಳೆಯ ಹಲ್ಲುಜ್ಜುವ ಬ್ರಷ್ಷು ತರಿಸಿ ತೊಳೆದೆ. ಸೂಜಿ ಹಾಕಿದರೆ ತೂತು ಅಗಲವಾಗಿ ಕೆಡುತ್ತದೆ ಎಂದು ಹೇಳಿದೆ. ತೊಳೆಯುತ್ತ, ಕುಂಕುಮ ಇಡಲು ಟ್ಯಾಂಕಿನಲ್ಲಿ ಅಷ್ಟು ಜಾಗ ಇತ್ತಲ್ಲ ಎಂದೂ ಹೇಳಿದೆ.

ಯಜಮಾನರ ಹೆಂಡತಿಗೆ ಕೋಪ ಬಂತು. "ಟ್ರ್ಯಾಕ್ಟರಿಗೆ ಲೈಟ್ ಅದಾವ, ಮುಖಾ ಗೊತ್ತಾಗ್ತೈತಿ. ಇದಕ್ಕ ಏನ್ ಐತಿ? ಉಗಳೋದು ಎಲ್ಲಿಂದನೋ ಅದ ಮುಖ ಅಂತ ಹಚ್ಚಿದೆ. ಬ್ಯಾರೆ ಕಡೆ ಐತಿ ಅಂದ್ರ ಮಾರೋವಾಗ ಹೇಳ್ಬೇಕಿತ್ರಿ ನೀವು."

ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಇದನ್ನು ಯಾರಿಗೂ ಹೇಳಿರಲಿಲ್ಲ. ಒಪ್ಪಿಕೊಂಡೆ.

೩. ನೋಡದೆ ಹೇಳಲು ಬರುವುದಿಲ್ಲ

ಪಂಪು ಸರಿಯಾಯಿತು, ಗಾಳಿ ಸರಿಯಾಗಲಿಲ್ಲ. ಗಾಳಿ ನಿಲ್ಲುವ ತನಕ ಹೊಡೆಯಬೇಡಿ ಎಂದು ಹೇಳಿ ಬಂದಿದ್ದೆ. ಶನಿವಾರ ನಿಲ್ಲಲಿಲ್ಲ, ಭಾನುವಾರವೂ ನಿಲ್ಲಲಿಲ್ಲ. ಸೋಮವಾರ ಬೀಗರು ಹೆಂಡತಿಯೊಂದಿಗೆ ಬಂದಾಗ ಜೇಕು ಮೊಣಕಾಲುದ್ದ ನಿಂತು ಸ್ವಾಗತಿಸಿತು.

ಸಿರುಗುಪ್ಪದ ಬೀಗರು ಭತ್ತದವರು. ನೀರು ನಿಂತ ಗದ್ದೆಯಲ್ಲಿ ಕಳೆಗೆ ಹೊಡೆದು ಹೊಡೆದು ಪಳಗಿದ ಕೈ. ಹುಡುಗಿಯನ್ನು ನೋಡುವ ಮೊದಲು ಅವರ ಕಣ್ಣು ಬಾಗಿಲ ಬಳಿ ಇದ್ದ ಪಂಪಿನ ಮೇಲೆ ಬಿತ್ತು.

ನನಗೆ ಫೋನು ಬಂದಾಗ ಸ್ಪೀಕರ್ ಹಾಕಿದ್ದರು. ಇಬ್ಬರ ಮಾತೂ ಕೇಳಿಸುತ್ತಿತ್ತು.

"ಕಸಕ್ಕ ಈ ನಾಜಲ್ ಹಾಕ್ತಾರೇನ್ರಿ ಯಾರಾದ್ರೂ?" ಎನ್ನುತ್ತಿದ್ದರು ಸಿರುಗುಪ್ಪದವರು. ಹೊಲದ ಮಾತಿನಲ್ಲಿ ಕಸ ಅಂದರೆ ಕಳೆ. "ಇದು ಸೊಳ್ಳಿ ಓಡಿಸೋದು!"

"ಬೀಗ್ರ, ನೀವು ಗದ್ದಿಯಾಗ ನಿಂತು ಹೊಡಿಯೋರು. ಒಣ ಭೂಮಿ ಲೆಕ್ಕ ನಿಮಗ ಏನ್ ಗೊತ್ತು?"

"ಹಂಗಾ? ಏನೂ ಗೊತ್ತಿಲ್ದೋರ ಮನಿಗೆ ಮಗಳನ್ನ ಯಾಕ ಕೊಡ್ತೀರಿ ಮತ್ತ?"

ದೂರದಲ್ಲಿ ಒಂದು ಪಾತ್ರೆ ಇಟ್ಟ ಸದ್ದು ಕೇಳಿತು. ಸಿರುಗುಪ್ಪದವರು ತಮ್ಮ ಡ್ರೈವರನಿಗೆ, "ಗಾಡಿ ತಿರಿವಿ ನಿಲ್ಸು ಲೇ," ಎಂದದ್ದೂ ಕೇಳಿತು.

"ನೀವ ಹೇಳ್ರಿ ಸಾವ್ಕಾರ್ರ," ಎಂದರು ಕುರುಗೋಡಿನವರು. "ಯಾವ ನಾಜಲ್ ಖರೇ?"

ಖರೇ ಹೇಳಿದರೆ ಹೆಣ್ಣಿನ ತಂದೆ ಬೀಗರ ಎದುರಿಗೆ ಸೋಲಬೇಕು. ಸುಳ್ಳು ಹೇಳಿದರೆ ಗಂಡಿನ ತಂದೆ ಗಾಡಿ ಹತ್ತುತ್ತಾರೆ. ತಪ್ಪಿಸಿಕೊಳ್ಳಲು ನನಗೆ ಒಂದೇ ದಾರಿ ಹೊಳೆಯಿತು.

"ನೋಡದ ಹೇಳಾಕ ಬರಂಗಿಲ್ರಿ," ಎಂದೆ.

"ಹಂಗಾರ ನಾವು ಕುಂತಿರ್ತೀವಿ, ಬರ್ರಿ," ಎಂದರು ಇಬ್ಬರೂ ಒಟ್ಟಿಗೆ. ಆ ದಿನ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು.

೪. ಬಂಡೆಯ ಮೇಲೆ

ಚಪ್ಪಟೆ ನಾಜಲ್ ಒಂದನ್ನು ಜೇಬಿಗೆ ಹಾಕಿಕೊಂಡು ಹೋಗಿ, ಹಿಂದಿನ ಓಣಿಯಿಂದಲೇ ಒಳಗೆ ಬಂದೆ. ಹಿತ್ತಲಿನ ಬಂಡೆ ಹಾಸಿದ ಅಂಗಳದಲ್ಲಿ ಇಬ್ಬರೂ ಕುರ್ಚಿಗಳನ್ನು ಬೇರೆ ಬೇರೆ ಕಡೆ ತಿರುಗಿಸಿಕೊಂಡು ಕೂತಿದ್ದರು. ನಡುವೆ ಸ್ಟೂಲಿನ ಮೇಲೆ ಪಂಚಮಿಯ ಉಂಡಿ ಮುಟ್ಟದೆ ಹಾಗೇ ಇದ್ದವು. ಚಹಾದ ಮೇಲೆ ಕೆನೆ ಕಟ್ಟಿತ್ತು. ಕಿಟಕಿಯ ಸರಳಿನ ಹಿಂದೆ ಹುಡುಗಿ ನಿಂತಿದ್ದಳು. ನನ್ನನ್ನು ನೋಡಿ ಕೈ ಮುಗಿದಳು. ಅದು ನಮಸ್ಕಾರದ ಹಾಗಿರಲಿಲ್ಲ.

ನಮ್ಮ ಕಡೆ ನಾಜಲ್ ಪರೀಕ್ಷೆಗೆ ಬಂಡೆಯೇ ಸಾಕ್ಷಿ. ಒಣ ಕಲ್ಲಿನ ಮೇಲೆ ಬರೀ ನೀರು ಹೊಡೆಯುತ್ತ ನಡೆದರೆ, ಎಲ್ಲಿ ಬಿತ್ತು ಎಲ್ಲಿ ಬೀಳಲಿಲ್ಲ ಅದೇ ಹೇಳುತ್ತದೆ. ಬಾಯಿ ತೆರೆಯುವ ಕೆಲಸ ತಪ್ಪಿತು ಎಂದುಕೊಂಡೆ.

ಮೊದಲು ಚಪ್ಪಟೆಯದು ಹಾಕಿ ನಡೆದೆ. ಬಂಡೆಯ ಮೇಲೆ ಸೀರೆಯ ಅಂಚಿನಂತೆ ಒದ್ದೆ ಪಟ್ಟಿ ಮೂಡಿತು. ಸಿರುಗುಪ್ಪದವರು ಮೀಸೆ ಸವರಿದರು. ಗುಂಡು ನಾಜಲ್ ಹಾಕಿದೆ. ಸ್ವಿಚ್ಚು ಒತ್ತಿದ್ದಕ್ಕೂ ಗಾಳಿ ಬೀಸಿದ್ದಕ್ಕೂ ಸರಿಹೋಯಿತು. ಬಂಡೆ ಒಣಗಿಯೇ ಇತ್ತು. ಮಂಜು ತೇಲಿ ಹೋಗಿ, ಇಸ್ತ್ರಿ ಮಾಡಿದ ಬಿಳಿ ಜುಬ್ಬಾದ ಮೇಲೆ ಇಳಿಯಿತು. ಜುಬ್ಬಾ ಸಿರುಗುಪ್ಪದವರದು.

ಅವರು ನಿಧಾನವಾಗಿ ಎದ್ದು ನಿಂತರು. ಮೀಸೆಯಿಂದ ಹನಿ ಒರೆಸಿಕೊಂಡರು. "ಎಣ್ಣಿ ಹೊಡೆದ್ರಲ್ರಿ ನಮಗ," ಎಂದರು.

"ಬರೇ ನೀರ್ರಿ," ಎಂದೆ.

ಹೋದ ವರ್ಷದ ಎಲೆ ಅಡಿಕೆ ಕುರುಗೋಡಿನವರ ಕಣ್ಣಿನಲ್ಲೇ ಕಂಡಿತು. ನಾನು ಆ ದಿನದ ಅತಿ ಉದ್ದದ ಮಾತಾಡಿದೆ: "ಎರಡೂ ಬೇಕ್ರಿ. ಜೇಕಿಗೆ ಚಪ್ಪಟಿ. ದಾಸಾಳದ ಹುಳಕ್ಕ ಗುಂಡು. ಇಬ್ಬರ ಮಾತೂ ಖರೇ, ಕೆಲಸ ಬ್ಯಾರೆ."

"ದಾಸಾಳ ಬಿಡ್ರಿ," ಎಂದರು ಸಿರುಗುಪ್ಪದವರು. "ನಡೀರಿ ಲಾನಿಗೆ. ಜೇಕಿನ ಮ್ಯಾಲೇ ಹೊಡೆದು ಇವರಿಗೆ ತೋರಸ್ರಿ. ಆಮ್ಯಾಲೆ ನಾ ಗಾಡಿ ಹತ್ತತೀನಿ."

ನಾನು ಪಂಪು ಹೊತ್ತು ಮುಂದೆ, ಅವರಿಬ್ಬರೂ ಹಿಂದೆ. ಮನೆಯನ್ನು ಸುತ್ತಿ ಮುಂಭಾಗಕ್ಕೆ ಬಂದೆವು. ನಿಂತೆವು.

ಲಾನಿನಲ್ಲಿ ಜೇಕು ಇರಲಿಲ್ಲ. ಹುಡುಗಿಯ ತಾಯಿ ಮತ್ತು ಹುಡುಗನ ತಾಯಿ ಸೆರಗು ಸಿಕ್ಕಿಸಿಕೊಂಡು, ಕಳೆ ಕೀಳುವ ಕುರ್ಚಿಗಿ ಹಿಡಿದು, ಕುಕ್ಕರುಗಾಲಿನಲ್ಲಿ ಕೊನೆಯ ಮೂಲೆ ತಲುಪಿದ್ದರು. ಕಸ ತೆಗೆಯುವುದು ಎಲ್ಲ ಊರಿನಲ್ಲೂ ಹೆಂಗಸರ ಕೆಲಸ. ಕುರ್ಚಿಗಿಗೆ ಒಣ ಭೂಮಿ, ಗದ್ದೆ ಎಂಬ ಭೇದವಿಲ್ಲ. ಪಕ್ಕದಲ್ಲಿ ಜೇಕು ಗಡ್ಡೆ ಸಮೇತ ಒಂದು ಬುಟ್ಟಿ ತುಂಬಿತ್ತು.

"ಏನ್ ಹೊಡಿಯಾಕ ಬಂದ್ರಿ?" ಎಂದರು ಹುಡುಗನ ತಾಯಿ, ತಲೆ ಎತ್ತದೆ.

ನಾನು ಪಂಪನ್ನು ಬೆನ್ನಿನಿಂದ ಇಳಿಸಿದೆ.

"ಬರೋ ಸೋಮವಾರ ನಿಶ್ಚಯ. ಸೀರಿ ಬಣ್ಣ, ಅಡಗಿಯವ್ರು, ಎಷ್ಟು ಮಂದಿ, ಎಲ್ಲಾ ಮಾತಾಡಿ ಮುಗಿಸೀವಿ," ಎಂದರು ಹುಡುಗಿಯ ತಾಯಿ. "ನಿಮಗ ಹೇಳ್ಬೇಕಂದ್ರ ನೀವು ಹಿತ್ತಲದಾಗ ಏನೋ ದೊಡ್ಡ ಕೆಲಸದಾಗ ಇದ್ರಿ."

ಸಿರುಗುಪ್ಪದವರು ತಮ್ಮ ಒದ್ದೆ ಜುಬ್ಬಾ ನೋಡಿಕೊಂಡರು, ಬುಟ್ಟಿ ನೋಡಿದರು, ಆಮೇಲೆ ಡ್ರೈವರನ ಕಡೆ ತಿರುಗಿದರು. "ಗಾಡಿ ನೆಳ್ಳಿಗೆ ಹಾಕು ಲೇ. ಊಟ ಮಾಡಿ ಹೋಗೋದೈತಿ."

೫. ದೊಡ್ಡ ಮನುಷ್ಯರು

ಊಟವಾದ ಮೇಲೆ ನನ್ನ ಚಪ್ಪಟೆ ನಾಜಲ್ಲಿಗೆ ದುಡ್ಡು ಕೊಡುವ ಪ್ರಶ್ನೆ ಬಂತು. ಸಣ್ಣ ದುಡ್ಡು. ಆದರೆ ಬೀಗರಾದವರ ನಡುವೆ ಸಣ್ಣದು ಯಾವುದಿದೆ?

"ನಮ್ಮ ಮನಿಗೆ ಬಂದು ನೀವು ಕೊಡಾಕ ಬರಂಗಿಲ್ಲ," ಎಂದು ಕುರುಗೋಡಿನವರು ಬೀಗರ ಮಣಿಕಟ್ಟು ಹಿಡಿದರು. "ಜಗಳ ತಗದೋನು ನಾನು, ನಾನ ಕೊಡೋನು," ಎಂದು ಸಿರುಗುಪ್ಪದವರು ಇವರ ಜೇಬು ಹಿಡಿದರು. ಇನ್ನು ಸ್ವಲ್ಪ ಹೊತ್ತಾದರೆ ಮತ್ತೆ ಗಾಡಿ ತಿರುಗುತ್ತದೆ ಎನಿಸಿ, ನಾನೇ "ಆಮ್ಯಾಲೆ ನೋಡೋಣ್ರಿ" ಎಂದು ಬಸ್ಸು ಹಿಡಿದೆ.

ಎರಡು ದಿನಕ್ಕೆ ಸಿರುಗುಪ್ಪದಿಂದ ಫೋನು. "ನಮ್ಮ ಬೀಗರು ಕೊಟ್ಟಬಿಟ್ಟಿರ್ಬೇಕಲ್ರಿ? ಬಿಡೋ ಪೈಕಿ ಅಲ್ಲ ಅವರು. ದೊಡ್ಡ ಮನುಷ್ಯರು!" ಇಲ್ಲ ಎಂದರೆ ಆ ದೊಡ್ಡತನ ಏನಾಗಬೇಕು? "ಹೂಂನ್ರಿ," ಎಂದೆ.

ಮರುದಿನ ಕುರುಗೋಡಿನವರೇ ನಿಶ್ಚಯದ ಕರೆ ಹೇಳಲು ಅಂಗಡಿಗೆ ಬಂದರು. ಕಣ್ಣು ತುಂಬಿತ್ತು. "ನನಗ ಗೊತ್ತಾಗದಂಗ ಬೀಗರು ಕೊಟ್ಟಾರಲ್ರಿ? ಅಂಥಾ ಮನಿಗೆ ಮಗಳು ಹೊಂಟಾಳ." ಅದಕ್ಕೂ "ಹೂಂನ್ರಿ" ಎಂದೆ.

ನಿಶ್ಚಯಕ್ಕೆ ಒಬ್ಬನೇ ಹೋಗಿ ಬಂದೆ. ಲಾನ್ ಹಸಿರಾಗಿತ್ತು, ಹುಡುಗಿ ನಗುತ್ತಿದ್ದಳು. ಸಂಜೆ ಪಾರ್ವತಿನಗರದ ಮನೆಯಲ್ಲಿ ಹೆಂಡತಿ ಊಟಕ್ಕೆ ಬಡಿಸುತ್ತ ಒಂದೊಂದೇ ಪ್ರಶ್ನೆ ಕೇಳಿ ಇದನ್ನೆಲ್ಲ ಹೊರಗೆ ತೆಗೆದಳು. ಎಲ್ಲ ಕೇಳಿ, ಕೊನೆಗೆ ಕೇಳಿದಳು:

"ಆತು, ಕಡೀಕ ಕೊಟ್ಟಿದ್ದು ಎಷ್ಟು?"

"ಐನೂರಾ ಒಂದು."

"ಒಂದು ನಾಜಲ್ಲಿಗೆ ಅಷ್ಟಾ? ಪರವಾಗಿಲ್ಲ ಬಿಡ್ರಿ, ಒಳ್ಳೆ ಮಂದಿ. ಇಬ್ಬರಾಗ ಯಾರು ಕೊಟ್ರು?"

"ನಾನು," ಎಂದೆ. "ಹುಡುಗಿ ಕೈಗೆ. ಮುಯ್ಯಿ."